ದೂರದ ಬೆಟ್ಟ ಮತ್ತು ಎದುರು ಸಿಕ್ಕವರು

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಬಳಸುವುದು ಯಾರದಾದರೂ ಆಸೆಗೆ ತಣ್ಣೀರೆರಚಲು. ಪರದೇಶದ ಕೆಲಸ, ದೂರದೂರಿನ ಸಂಬಂಧ, ಮಹಾನಗರದ ಬದುಕು, ಯಾವುದರ ಮಾತೆತ್ತಿದರೂ ಮನೆಯ ಹಿರಿಯರು ಈ ಗಾದೆ ಹೇಳಿ ಮಾತು ಮುಗಿಸುತ್ತಾರೆ. ಹತ್ತಿರ ಹೋದರೆ ಬರೀ ಕಲ್ಲುಮುಳ್ಳು, ಇದ್ದಲ್ಲೇ ಇರು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಆದರೆ ಹೋಗಬೇಡ ಎಂದು ಗಾದೆ ಎಲ್ಲಿಯೂ ಹೇಳುವುದಿಲ್ಲ. ದೂರದಿಂದ ಕಂಡಷ್ಟನ್ನೇ ಪೂರ್ತಿ ಎಂದು ನಂಬಬೇಡ ಎನ್ನುತ್ತದೆ, ಅಷ್ಟೆ. ಪಶ್ಚಿಮಘಟ್ಟದ ಕುಮಾರಪರ್ವತವನ್ನು ಒಂದೇ ಹಗಲಿನಲ್ಲಿ ಹತ್ತಿ ಇಳಿದವರಿಗೆ ಈ ಮಾತು ಮೈಯಲ್ಲೇ ಇಳಿದಿರುತ್ತದೆ.

ಬೆಟ್ಟ ನುಣ್ಣಗೆ ಕಾಣುವುದು ಕಣ್ಣಿನ ಮಿತಿಯಿಂದ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ಗುರುತಿಸಬಲ್ಲ ಅತಿ ಚಿಕ್ಕ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಈ ಲೆಕ್ಕದಲ್ಲಿ 10 ಕಿ.ಮೀ. ದೂರದ ಇಳಿಜಾರಿನಲ್ಲಿ 3 ಮೀಟರಿನೊಳಗಿನ ಏರುತಗ್ಗೆಲ್ಲ ಒಂದರಲ್ಲೊಂದು ಬೆರೆತುಹೋಗುತ್ತದೆ. ಆಳೆತ್ತರದ ಬಂಡೆಯೂ ಕಾಣದು, ಕಾಲು ಮುರಿಯಬಲ್ಲ ಕೊರಕಲೂ ಕಾಣದು. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಇಡೀ ಬೆಟ್ಟದ ಮೇಲೆ ನೀಲಿ ತೆರೆಯೊಂದು ಬೀಳುತ್ತದೆ. ನುಣುಪು ದೂರಕ್ಕೆ ಸೇರಿದ್ದು. ಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಎತ್ತರದ ಅಂಕಿಯೂ ಹೀಗೆಯೇ ಮೋಸ ಮಾಡುತ್ತದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕುಮಾರಪರ್ವತ ಅದಕ್ಕಿಂತ ತಗ್ಗು, ಸುಮಾರು 1,712 ಮೀಟರ್. ಆದರೆ ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಕುಮಾರಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯದಿಂದ, ಅಂದರೆ ಘಟ್ಟದ ಬುಡದಿಂದ, ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಎತ್ತರವನ್ನು ಕಾಲಲ್ಲೇ ಏರಬೇಕು. ಮೇಲೆ ಹೋದಷ್ಟೇ ಕೆಳಗೂ ಇಳಿಯಬೇಕು. ಮೊಣಕಾಲಿನ ನಿಜವಾದ ಪರೀಕ್ಷೆ ಇಳಿಯುವಾಗಲೇ.

ದಾರಿ ಮೊದಲು ದಟ್ಟ ಕಾಡಿನ ನೆರಳಲ್ಲಿ, ಬೇರುಗಳನ್ನು ಮೆಟ್ಟಿಲಾಗಿಸಿಕೊಂಡು ಏರುತ್ತದೆ. ತೇವವಿದ್ದರೆ ಜಿಗಣೆಗಳ ಕಾಟ. ಕಾಡು ಮುಗಿದು ಗಿರಿಗದ್ದೆಗೆ ಬಂದರೆ ಭಟ್ಟರ ಮನೆ. ತಲೆಮಾರುಗಳ ಚಾರಣಿಗರು ಅನ್ನ, ಸಾಂಬಾರು, ಮಜ್ಜಿಗೆ ಉಂಡು ದಣಿವಾರಿಸಿಕೊಂಡ ಜಾಗ. ಅಲ್ಲಿಂದ ಮುಂದೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದ ಮೇಲೆ, ಬಟಾಬಯಲು. ಕೆಳಗಿನಿಂದ ಹಸಿರು ಮಕಮಲ್ಲಿನಂತೆ ಕಂಡದ್ದು ಎದೆಯುದ್ದದ ಹುಲ್ಲು, ಹುಲ್ಲಿನ ಸಂದಿಯಲ್ಲಿ ಸಡಿಲ ಕಲ್ಲು, ನೆತ್ತಿಯ ಮೇಲೆ ಬಿಸಿಲು. ಕಲ್ಲುಮಂಟಪ ದಾಟಿ ಶೇಷಪರ್ವತದ ನೆತ್ತಿಗೆ ಬಂದು ‘ಮುಗಿಯಿತು’ ಎಂದುಕೊಂಡವನಿಗೆ ನಿಜವಾದ ಶಿಖರ ಆಚೆ ಕಡೆ ಕಾಣಿಸುತ್ತದೆ. ಮತ್ತೆ ಹುಲ್ಲುಗಾವಲಿನ ನಡುವಿನ ಶೋಲಾ ಕಾಡಿಗೆ ಇಳಿದು ಹತ್ತಬೇಕು.

ಆ ಕಾಡು ದಾಟಿದ ಮೇಲೆ ಎದುರಾಗುವ ಓರೆಬಂಡೆಯಲ್ಲಿ ಗಾದೆಯ ಇನ್ನೊಂದು ಮುಖವಿದೆ. ನೀರು ಜಿನುಗಿ ಪಾಚಿ ಕಟ್ಟಿ ನಿಜಕ್ಕೂ ನುಣ್ಣಗಾದ ಕಡೆಯಲ್ಲೇ ಕಾಲು ಜಾರುವುದು. ಮೇಲೆ ಹತ್ತಲು ನೆರವಾಗುವುದು ಕೈಗೆ ಸಿಗುವ ಒರಟು ಅಂಚು, ಬಂಡೆಯ ಸೀಳು, ಬೇರಿನ ಗಂಟು. ಒರಟನ್ನು ಕಂಡು ಬೇಸರಪಡುವವರು ಇದನ್ನು ನೆನೆಯಬೇಕು: ಹೆಜ್ಜೆಗೆ ಹಿಡಿತ ಕೊಡುವುದು ಒರಟೇ.

ಮನುಷ್ಯರ ವಿಷಯದಲ್ಲೂ ಅಷ್ಟೇ. ಮೇಲಿನ ಏಣಿನಲ್ಲಿ ಚುಕ್ಕೆಗಳಾಗಿ ಕಂಡವರು ಹತ್ತಿರ ಬಂದಾಗ ಒಬ್ಬೊಬ್ಬರೂ ಬೇರೆ: ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಬೆಂಗಳೂರಿನ ಐಟಿ ನೌಕರ, ಮಂಗಳೂರಿನ ಕಾಲೇಜು ಹುಡುಗಿಯರು, ಬರಿಗಾಲಲ್ಲಿ ಸಲೀಸಾಗಿ ಇಳಿಯುವ ಊರಿನ ಹಿರಿಯರು. ಬಸ್ಸಿನಲ್ಲಿ ಪಕ್ಕ ಕೂತರೂ ಮಾತಾಡದವರು ಇಲ್ಲಿ ಕಿತ್ತಳೆ ಹಂಚಿಕೊಳ್ಳುತ್ತಾರೆ, ಬಂಡೆಯ ಮೇಲಿಂದ ಕೈ ಚಾಚುತ್ತಾರೆ. ಹೆಸರು ಕೇಳುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: ‘ಅಣ್ಣಾ, ಇನ್ನೂ ಎಷ್ಟು ದೂರ?’

ಬರುವ ಉತ್ತರವೂ ಸಾಮಾನ್ಯವಾಗಿ ಒಂದೇ: ‘ಇನ್ನೇನು, ಬಂದೇಬಿಡ್ತು!’ ಹೇಳುವವರ ಮನಸ್ಸು ಒಳ್ಳೆಯದು; ಸೋತವರಿಗೆ ಹುರುಪು ತುಂಬುವ ಆಸೆ. ಆದರೂ ಈ ಉತ್ತರ ತಪ್ಪು ಎನ್ನುತ್ತೇನೆ. ದಾರಿಯನ್ನು ಹತ್ತಿರದಿಂದ ಕಂಡು ಬಂದವರು ಅದನ್ನು ಮತ್ತೆ ನುಣ್ಣಗೆ ಮಾಡಿ ತೋರಿಸಿದಂತಾಯಿತು. ಅದನ್ನು ನಂಬಿದವರು ಉಳಿದ ನೀರನ್ನೆಲ್ಲ ಕುಡಿದುಬಿಡುತ್ತಾರೆ, ಹಿಂದಿರುಗಬೇಕಾದ ಹೊತ್ತು ಮೀರುತ್ತಾರೆ, ಕತ್ತಲಾದ ಮೇಲೆ ಅದೇ ಬೇರುಗಳ ದಾರಿಯಲ್ಲಿ ಎಡವುತ್ತಾರೆ. ಅದಕ್ಕಿಂತ, ‘ಇನ್ನೂ ಎರಡು ಗಂಟೆ ಉಂಟು ಮಾರಾಯ್ರೆ, ನೀರು ತುಂಬಿಸಿಕೊಂಡೇ ಹೋಗಿ’ ಎನ್ನುವ ಒರಟು ಮಾತು ದೊಡ್ಡ ಉಪಕಾರ.

ಇಂದು ಬೆಟ್ಟವನ್ನು ದೂರದಿಂದ ನುಣ್ಣಗೆ ತೋರಿಸುವ ಕೆಲಸವನ್ನು ಮೊಬೈಲ್ ಪರದೆ ಮಾಡುತ್ತಿದೆ. ಮೋಡದ ಮೇಲಿನ ಶಿಖರದ ಚಿತ್ರದಲ್ಲಿ ಬೆವರೂ ಇರುವುದಿಲ್ಲ, ಜನಜಂಗುಳಿಯೂ ಇರುವುದಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದು, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಆಗುವವರೆಗೆ ಸರ್ಕಾರ ಇಂಥ ಚಾರಣಗಳನ್ನೇ ತಡೆಹಿಡಿಯಬೇಕಾಯಿತು. ಜಂಗುಳಿಗೆ ತಕ್ಕ ಜಾಗವೂ ಇದಲ್ಲ; ಈ ಬೆಟ್ಟ ಇರುವುದು ಪುಷ್ಪಗಿರಿ ವನ್ಯಧಾಮದಲ್ಲಿ. ಅದು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ಭಾಗ. ಇಲ್ಲಿನ ಹುಲ್ಲುಗಾವಲು ಮತ್ತು ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ಕುಮಾರಧಾರಾ ನದಿಗೆ ಬಿಡುತ್ತವೆ.

ಹಾಗೆಂದು ಹೋಗಬೇಡಿ ಎನ್ನುತ್ತಿಲ್ಲ. ಬೆಟ್ಟಕ್ಕೆ ಹೋಗಿ, ಖಂಡಿತ ಹೋಗಿ. ಅನುಮತಿ ಪಡೆದು, ಬೆಳಕು ಹರಿಯುವ ಹೊತ್ತಿಗೆ ಹೊರಟು, ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ತನ್ನಿ. ಇಳಿಯುವಾಗ ಎದುರು ಸಿಕ್ಕ ಹೊಸಬರು ದಾರಿ ಹೇಗಿದೆ ಎಂದು ಕೇಳಿದರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ.