ಗುಡಿಯೊಳಗೆ ಕೂತ ಯೋಧ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಗುಡಿಯ ಪಕ್ಕದಲ್ಲೋ ಕೆರೆ ಏರಿಯ ಮೇಲೋ ಹಳೆಯ ವೀರಗಲ್ಲುಗಳು ಕಣ್ಣಿಗೆ ಬೀಳುತ್ತವೆ. ಅವುಗಳ ಮೇಲಿನ ಹಂತದಲ್ಲಿ ಸಾಮಾನ್ಯವಾಗಿ ಒಂದು ಗುಡಿ, ಅದರೊಳಗೆ ಶಿವಲಿಂಗ, ಲಿಂಗದೆದುರು ಯೋಧ. ಸೈನಿಕರು ಗುಡಿಗೆ ನುಗ್ಗಿದ್ದಾರೆ ಎಂದು ಒಬ್ಬರು ಹೇಳಿದರೆ, ಗುಡಿಗೆ ಕಾವಲು ಕೂತಿದ್ದಾರೆ ಎಂದು ಇನ್ನೊಬ್ಬರು. ಯಾವುದು ಸರಿ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ‘ವ್ಯಾಖ್ಯಾನ ತಾನೇ, ಅವರವರಿಗೆ ಕಂಡಂತೆ.’

ಈ ಮಾತಿನಿಂದ ವ್ಯಾಖ್ಯಾನ ಎಂಬ ಪದಕ್ಕೇ ಅನ್ಯಾಯವಾಗಿದೆ. ಮೇಲಿನ ಎರಡು ಓದೂ ತಪ್ಪು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ದನಗಳ ಸಾಲೂ ಇದ್ದರೆ ಅದು ತುರುಗೋಳು, ಹಟ್ಟಿಯ ದನ ಉಳಿಸಲು ನಡೆದ ಹೋರಾಟ. ನಡುವೆ ಅಪ್ಸರೆಯರು ಸತ್ತವನನ್ನು ಕರೆದೊಯ್ಯುತ್ತಾರೆ. ಮೇಲಿರುವುದು ಊರಿನ ಗುಡಿಯಲ್ಲ, ಕೈಲಾಸ. ಅಲ್ಲಿ ಕೂತವನು ಕಾವಲು ಕಾಯುತ್ತಿಲ್ಲ. ಅವನು ಕೆಳಗೆ ಬಿದ್ದವನೇ. ಅಂಚಿನ ಸೂರ್ಯಚಂದ್ರರು ತಾವಿರುವತನಕ ಅವನ ಹೆಸರಿರಲಿ ಎನ್ನುತ್ತಿದ್ದಾರೆ. ಮೇಲಿನ ಹಂತವೊಂದನ್ನೇ ಕತ್ತರಿಸಿ ನೋಡಿದವರಿಗೆ ಇದು ಕಾಣುವುದಿಲ್ಲ.

ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಶಾಸ್ತ್ರಕಾರರು ಆರು ಗುರುತುಗಳನ್ನು ಹೇಳಿದ್ದಾರೆ. ಮೊದಲನೆಯದು ಉಪಕ್ರಮ ಮತ್ತು ಉಪಸಂಹಾರ: ಆರಂಭವನ್ನೂ ಮುಕ್ತಾಯವನ್ನೂ ಜೋಡಿಸಿ ನೋಡು. ಗ್ರಂಥಕ್ಕೆಂದು ಹೇಳಿದ ಈ ನಿಯಮ ಕಲ್ಲಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ!

ಅರ್ಥವನ್ನು ಹೀಗೆ ನಿರ್ಣಯಿಸಬಹುದು ಎಂಬುದನ್ನು ಫ್ರಾನ್ಸಿನ ರೋಲಾಂ ಬಾರ್ತ್ ಒಪ್ಪುತ್ತಿರಲಿಲ್ಲ. 1967ರ ‘ಲೇಖಕನ ಸಾವು’ ಪ್ರಬಂಧದಲ್ಲಿ ಆತ ಬರಹಕ್ಕೆ ಒಗ್ಗಟ್ಟು ಸಿಗುವುದು ಬರೆದವನಲ್ಲಲ್ಲ, ಓದುವವನಲ್ಲಿ ಎಂದ. ಎಷ್ಟೋ ವೀರಗಲ್ಲುಗಳಲ್ಲಿ ಶಿಲ್ಪಿಯ ಹೆಸರೇ ಇಲ್ಲ. ಹಾಗೆಂದು ಅರ್ಥ ಅನಾಥವಾಯಿತೇ? ಇಲ್ಲ. ಶಿಲ್ಪಿಯೂ ಸತ್ತವನ ಮನೆಯವರೂ ಊರವರೂ ಒಂದೇ ಸಂಪ್ರದಾಯವನ್ನು ಬಲ್ಲವರಾಗಿದ್ದರು. ಅರ್ಥವನ್ನು ಹಿಡಿದಿಟ್ಟಿರುವುದು ಆ ಸಂಪ್ರದಾಯ. ಬಾರ್ತ್‌ನ ಮಾತು ಓದುಗನಿಗೆ ಸ್ವಾತಂತ್ರ್ಯ ಕೊಟ್ಟಂತೆ ಕಾಣುತ್ತದೆ. ಆದರೆ ದನ ಬಿಡಿಸಲು ಹೋಗಿ ಪ್ರಾಣ ಬಿಟ್ಟವನ ಕೊನೆಯ ಗುರುತನ್ನು ಅದು ದಾರಿಹೋಕನ ಊಹೆಗೆ ಒಪ್ಪಿಸುತ್ತದೆ.

ಅದೇ 1967ರಲ್ಲಿ ಅಮೆರಿಕದ ಇ.ಡಿ. ಹಿರ್ಷ್ ಅರ್ಥ ಬೇರೆ, ಮಹತ್ವ ಬೇರೆ ಎಂದ. ಕೆತ್ತಿದವರು ಹೇಳಹೊರಟದ್ದು ಅರ್ಥ. ಅದಕ್ಕೂ ನಮ್ಮ ಕಾಲಕ್ಕೂ ಇರುವ ನಂಟು ಮಹತ್ವ. ಇಂದು ಆ ಕಲ್ಲಿಗೆ ಕುಂಕುಮ ಹಚ್ಚಿ ದೇವರೆಂದು ಕೈಮುಗಿಯುವವರು ತಪ್ಪು ಮಾಡುತ್ತಿಲ್ಲ. ಅವರು ಮಹತ್ವ ಕೊಡುತ್ತಿದ್ದಾರೆ. ಗುಡಿಗೆ ನುಗ್ಗಿದ ದಂಡು ಎನ್ನುವವರು ಅರ್ಥವನ್ನೇ ಬದಲಿಸುತ್ತಿದ್ದಾರೆ.

ಅರ್ಥ ಹಿಡಿಯಲು ಚಿತ್ರದ ಜೊತೆ ಶಾಸನವನ್ನೂ ಓದಬೇಕು. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಕಲ್ಲಿನಲ್ಲಿ ನಾಯಿ, ಹಂದಿಗಳ ಹೋರಾಟವಿದೆ. ಚಿತ್ರ ಮಾತ್ರ ನೋಡಿದರೆ ಯಾವುದೋ ಬೇಟೆ. ಶಾಸನ ಓದಿದರೆ ಅದು ಮಣಲರ ಎಂಬಾತನ ನಾಯಿ ಕಾಳಿ. ಹಂದಿಯೊಡನೆ ಸೆಣಸಿ ಸತ್ತ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟಿದ್ದರು.

ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ, ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಪಾಠಗಳಿವೆ. ಊರ ಕಲ್ಲಿಗೆ ಅರ್ಥ ಹೇಳುವ ಮೊದಲು ಅದನ್ನೊಮ್ಮೆ ತೆರೆದು ನೋಡಿ. ಜೀರ್ಣೋದ್ಧಾರದ ಹೊತ್ತಿನಲ್ಲಿ ಆ ಕಲ್ಲುಗಳಿಗೆ ಸುಣ್ಣ, ಎಣ್ಣೆಬಣ್ಣ ಬಳಿಯಬೇಡಿ. ಹಂತಗಳ ನಡುವಿನ ಪಟ್ಟಿಯಲ್ಲಿ ಸತ್ತವನ ಹೆಸರಿರಬಹುದು.