ಇಂದಿನ ಧಮ್ಮ ಚಿಂತನೆ: ಕೊಡದಿದ್ದನ್ನು ತೆಗೆದುಕೊಂಡೆ



ಕಳೆದ ತಿಂಗಳು ಮನೆಯವರೊಂದಿಗೆ ಕಾರವಾರದಲ್ಲಿ ಡಾಲ್ಫಿನ್ ನೋಡಲು ದೋಣಿ ಹತ್ತಿದ್ದೆ. ಕಾಳಿ ನದಿ ಸಮುದ್ರ ಸೇರುವ ಕಡೆ ತಾಯಿ-ಮರಿ ಕಂಡವು. "ಅಣ್ಣಾ, ಇನ್ನೂ ಹತ್ತಿರ ಬಿಡಿ, ದುಡ್ಡು ಕೊಟ್ಟಿದ್ದೇವಲ್ಲ" ಎಂದೆ. ದೋಣಿಯವರು ಮನಸ್ಸಿಲ್ಲದೆ ಬಿಟ್ಟರು. ಎರಡೂ ಮುಳುಗಿಬಿಟ್ಟವು.

"ಉಸಿರಿಗಾಗಿ ಅವು ಮೇಲೆ ಬರಲೇಬೇಕು ಸರ್. ಅಟ್ಟಿಸಿಕೊಂಡು ಹೋದರೆ ಮರಿ ತಾಯಿಯಿಂದ ತಪ್ಪಿಹೋಗ್ತದೆ" ಎಂದು ಅವರು ಇಂಜಿನ್ ನಿಲ್ಲಿಸಿದರು.

ದಿನವೂ ಪಂಚಶೀಲ ಹೇಳುವ ಬಾಯಿ ನನ್ನದು. ಕೊಲ್ಲಲಿಲ್ಲ, ನಿಜ. ಆದರೆ ಎರಡನೆಯ ಶೀಲ? ನಾನು ದುಡ್ಡು ಕೊಟ್ಟಿದ್ದು ದೋಣಿಗೆ, ಡಾಲ್ಫಿನ್‌ಗಲ್ಲ. 1927ರ ಮಹಾಡ್ ನೆನೆಯುವವರು ನಾವು, ನೀರಿನಿಂದ ಅಟ್ಟಿಸಿಕೊಂಡವರ ಮಕ್ಕಳು. ಅವುಗಳ ನೀರಿನಲ್ಲೇ ಅವನ್ನು ಅಟ್ಟುತ್ತಿದ್ದೆನಲ್ಲ! ಬಾಬಾಸಾಹೇಬರು 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ಕರುಣೆ ಎಂದಷ್ಟೇ ಹೇಳಿಸಲಿಲ್ಲ, ಕಾಪಾಡುತ್ತೇನೆ ಎಂದೂ ಹೇಳಿಸಿದರು.

(ಮುರುಡೇಶ್ವರದಿಂದ ನೇತ್ರಾಣಿಗೆ ಸ್ನಾರ್ಕೆಲಿಂಗ್ ಹೋಗುವವರೂ ಗಮನಿಸಿ: ಹವಳದ ಮೇಲೆ ಕಾಲಿಡಬೇಡಿ. ಅದು ಬರೀ ಕಲ್ಲಲ್ಲ, ಜೀವ.)

ಸುಮ್ಮನೆ ಕಾದೆವು. ಬಹಳ ಹೊತ್ತಿನ ಮೇಲೆ ದೂರದಲ್ಲಿ ಒಂದು ಬೆನ್ನು ಎದ್ದಿತು, ಅದರ ಪಕ್ಕದಲ್ಲೇ ಚಿಕ್ಕದೊಂದು. ಯಾರೂ ಹತ್ತಿರ ಹೋಗೋಣ ಎನ್ನಲಿಲ್ಲ.

ಭವತು ಸಬ್ಬ ಮಂಗಲಂ.