ಕೈಗೆ ಮೀರಿದ ಬ್ಯಾಟು

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು ನಲವತ್ತು ದಾಟಿದ ಮೇಲೆ ಗಾಲ್ಫ್ ಕಲಿಯಲು ಹೊರಟರು. ಚೆಂಡಿನ ಮುಂದೆ ಸರಿಯಾಗಿ ನಿಲ್ಲುವುದನ್ನು ಕಲಿಯುವ ಮೊದಲೇ, ಪಳಗಿದವರು ಮಾತ್ರ ಹಿಡಿಯುವ ತೆಳು ಬ್ಲೇಡಿನ ಐರನ್‌ಗಳ ಇಡೀ ಸೆಟ್ಟು ತಂದರು. ಚೆಂಡಿಗಿಂತ ಹುಲ್ಲಿಗೇ ಹೆಚ್ಚು ಪೆಟ್ಟು ಬಿತ್ತು. ಕೊನೆಗೆ ಅದನ್ನು ಸಿಕ್ಕಿದ ಬೆಲೆಗೆ ಮಾರಿ, ಹೊಸಬರಿಗೆಂದೇ ಮಾಡಿದ ಬೇರೆ ಸೆಟ್ಟು ಕೊಂಡರು. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ದುಡ್ಡು ಅವರದು, ಹುಲ್ಲು ಕ್ಲಬ್ಬಿನದು. ರೇಗಿದ್ದು ಆಮೇಲಿನ ಮಾತಿಗೆ. ‘ನಾನು ಯಾವುದಕ್ಕೂ ಪಶ್ಚಾತ್ತಾಪ ಪಡೋನಲ್ಲ ಸಾರ್, ಅದು ವೀಕ್‌ನೆಸ್ಸು’ ಎಂದರು. ಊಟಕ್ಕೆ ಕೂತಿದ್ದ ಎಲ್ಲರೂ ತಲೆದೂಗಿದರು.

ಈಗ ಎಲ್ಲಿ ನೋಡಿದರೂ ಇದೇ ಮಾತು. ನಿವೃತ್ತರಾದ ಅಧಿಕಾರಿಗಳ ಸಂದರ್ಶನದಲ್ಲಿ, ಸಿನಿಮಾದವರ ಮಾತುಕತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ. ಕೊರಗದೆ ಇರುವುದು ಒಂದು ಬಗೆಯ ಗಟ್ಟಿತನ ಎಂದು ಜನ ಒಪ್ಪಿಬಿಟ್ಟಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಕೈಗೆ ಮೀರಿದ ಸಾಮಾನು ಕೊಂಡವನಿಗೆ ಹುಟ್ಟುವ ಕೊರಗು ಒಂದು ತಿಳಿವಳಿಕೆ, ಬೇರೆ ಯಾವ ದಾರಿಯಿಂದಲೂ ಬಾರದ ತಿಳಿವಳಿಕೆ. ಇದನ್ನು ಸಾಧಿಸಿ ತೋರಿಸುತ್ತೇನೆ ಎಂದುಕೊಂಡೇ ಬರೆಯಲು ಕೂತಿದ್ದೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಹಿರಿಯರಿಗೆ ಕೊಳ್ಳುವ ಮೊದಲು ಮಾತು ಬರುತ್ತದೆ, ಕೊಂಡಾದ ಮೇಲೆ ಬರುವುದಿಲ್ಲ. ಗೀತೆಯ ಫಲತ್ಯಾಗವನ್ನು ಎಲ್ಲದಕ್ಕೂ ಎಳೆದು ತರುವ ಉಪನ್ಯಾಸಗಳನ್ನು ಬೇಕಾದಷ್ಟು ಕೇಳಿದ್ದೇನೆ. ಗ್ರೀಸ್, ರೋಮ್‌ಗಳ ಸ್ಟೋಯಿಕರು ನಮ್ಮ ಹತೋಟಿಯಲ್ಲಿ ಇಲ್ಲದ್ದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ ಎಂದರು. ಅರ್ಥಶಾಸ್ತ್ರದವರು ಮುಳುಗಿದ ಹಣವನ್ನು ಮುಂದಿನ ಲೆಕ್ಕಕ್ಕೆ ಹಿಡಿಯಬೇಡಿ ಎಂದರು. ಎಲ್ಲ ಸರಿಯೇ ಇರಬಹುದು. ಅವರೊಡನೆ ಜಗಳ ಕಾಯುವ ಹುರುಪು ನನಗೆ ಬರುವುದಿಲ್ಲ.

ಹುರುಪು ಬರುವುದು ಸ್ಪಿನೋಜಾನ ಜೊತೆ. 1632ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದವನು, 1656ರಲ್ಲಿ ತನ್ನ ಯಹೂದಿ ಸಮುದಾಯದಿಂದ ಬಹಿಷ್ಕಾರ ಹಾಕಿಸಿಕೊಂಡವನು, ಮಸೂರ ಉಜ್ಜುವ ಕಸುಬು ಮಾಡುತ್ತ ಬದುಕಿದವನು. 1677ರಲ್ಲಿ ತೀರಿಕೊಂಡ, ಅವನ ‘ಎಥಿಕ್ಸ್’ ಅಚ್ಚಾದದ್ದು ಆ ವರ್ಷವೇ. ಅದರ ನಾಲ್ಕನೆಯ ಭಾಗದ 54ನೇ ಪ್ರಮೇಯದಲ್ಲಿ ಅವನು ಪಶ್ಚಾತ್ತಾಪವನ್ನು ಸದ್ಗುಣಗಳ ಸಾಲಿನಿಂದ ಎಬ್ಬಿಸಿ ಕಳಿಸುತ್ತಾನೆ. ಅದು ವಿವೇಕದಿಂದ ಹುಟ್ಟುವಂಥದ್ದಲ್ಲ ಎನ್ನುತ್ತಾನೆ. ಹಾಗೆ ಕೊರಗುವವನು ಎರಡು ಸಲ ಸೋತ ಹಾಗೆ: ಮೊದಲು ಕೆಟ್ಟ ಆಸೆಗೆ, ಮತ್ತೆ ದುಃಖಕ್ಕೆ. ಈ ಮಾತಿನ ಬೇರು ಹಿಂದಿನ ಭಾಗದಲ್ಲಿದೆ. ಇದನ್ನು ನಾನೇ ಸ್ವತಂತ್ರವಾಗಿ ನಿರ್ಧರಿಸಿ ಮಾಡಿದೆ ಎಂದು ನಂಬಿದಾಗ ಮಾತ್ರ ಪಶ್ಚಾತ್ತಾಪ ಹುಟ್ಟುತ್ತದೆ. ಆ ಸ್ವಾತಂತ್ರ್ಯವೇ ಭ್ರಮೆ ಎನ್ನುವುದು ಅವನ ಸಿದ್ಧಾಂತ. ಬುಡ ಸುಳ್ಳಾದರೆ ಕೊಂಬೆಯೂ ಸುಳ್ಳು. ನನ್ನ ಸಹೋದ್ಯೋಗಿಯ ಮಾತನ್ನು ಒಂದು ನಗೆಯಲ್ಲಿ ತಳ್ಳಿಬಿಡಬಹುದು, ಇದನ್ನು ಆಗುವುದಿಲ್ಲ.

ಆದರೂ ನನ್ನ ಬ್ಯಾಟಿನ ಕತೆ ಹೇಳದೆ ಒಪ್ಪಲಾರೆ.

1998ರ ಏಪ್ರಿಲ್ 22ರಂದು ಶಾರ್ಜಾದಲ್ಲಿ ಧೂಳುಗಾಳಿಯ ನಡುವೆ ತೆಂಡೂಲ್ಕರ್ ಆಸ್ಟ್ರೇಲಿಯಾದ ಮೇಲೆ 143 ಹೊಡೆದರು. ಎರಡು ದಿನ ಬಿಟ್ಟು, ತಮ್ಮ ಹುಟ್ಟುಹಬ್ಬದ ದಿನ, ಫೈನಲ್‌ನಲ್ಲಿ 134. ಹೊನ್ನಾವರ ತಾಲ್ಲೂಕಿನ ನಮ್ಮ ಮಂಕಿಗೆ ಶಾರ್ಜಾ ದೂರದ ಊರಲ್ಲ. ಗಲ್ಫಿಗೆ ಹೋದವರಿಲ್ಲದ ಕೇರಿ ನಮ್ಮ ಕಡೆ ಕಡಿಮೆ; ಗೆಳೆಯನೊಬ್ಬನ ಅಣ್ಣ ಆಗ ಅಲ್ಲೇ ಇದ್ದ. ತೆಂಡೂಲ್ಕರ್ ಬ್ಯಾಟು ಮೂರು ಪೌಂಡಿಗೂ ಮೀರಿ ತೂಗುತ್ತದೆ, ಅಂದರೆ ಸುಮಾರು 1.4 ಕಿಲೋ, ಬೇರೆಯವರದಕ್ಕಿಂತ ಎಷ್ಟೋ ಭಾರ ಎಂಬ ಸುದ್ದಿ ನಮಗೆ ಪಾಠಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ರಜೆಯಲ್ಲಿ ಅಂಗಡಿಯೊಂದರ ಲೆಕ್ಕ ಬರೆದು ಗಳಿಸಿದ್ದಕ್ಕೆ ಅಜ್ಜಿ ಕೊಟ್ಟದ್ದನ್ನು ಸೇರಿಸಿ ನಾನು ಹುಬ್ಬಳ್ಳಿಗೆ ಹೋಗಿ ಇಂಗ್ಲಿಷ್ ವಿಲೋದ ಬ್ಯಾಟು ತಂದೆ. ಇದ್ದುದರಲ್ಲೇ ಭಾರದ್ದು. ಅಂಗಡಿಯಾತ ಎತ್ತಿ ಕೊಡುವಾಗಲೇ ಹೇಳಿದ್ದ: ‘ಇದು ಲೆದರ್ ಬಾಲಿಂದು ತಮ್ಮಾ, ನಿನಗ ಭಾರ ಆಗ್ತದ.’

ಅದರ ಹಲಗೆಯ ಮೇಲೆ ಗೆರೆಗಳು ಬಾಚಿದ ಕೂದಲಿನಂತೆ ನೇರವಾಗಿ ಇಳಿದಿದ್ದವು. ಪೇಂಟಿನ ಅಂಗಡಿಯಿಂದ ಅಗಸೆ ಎಣ್ಣೆ ತಂದು ಮುಖಕ್ಕೂ ಅಂಚಿಗೂ ತೆಳ್ಳಗೆ ಸವರಿದೆ. ಹಳೆಯ ಲೆದರ್ ಚೆಂಡನ್ನು ಕಾಲುಚೀಲದೊಳಗೆ ಹಾಕಿ ನೇತುಕಟ್ಟಿ, ಸಂಜೆಯೆಲ್ಲ ಟೊಕ್ ಟೊಕ್ ಎಂದು ಬಡಿದು ಹದ ಮಾಡಿದೆ. ಆಡಿದ್ದು ಮಾತ್ರ ಕೊಯ್ಲಾದ ಗದ್ದೆಯಲ್ಲಿ, ಟೆನಿಸ್ ಚೆಂಡಿನಲ್ಲಿ. ಆ ಚೆಂಡು ಹಗುರ, ಎದೆಮಟ್ಟ ಪುಟಿಯುತ್ತದೆ, ಮಣಿಕಟ್ಟು ಚುರುಕಾಗಿರಬೇಕು. ಕೀಪರ್ ಚೆಂಡು ಹಿಡಿದು ‘ಔಟೇ?’ ಎಂದು ಕೂಗುವಾಗ ನನ್ನ ಬ್ಯಾಟು ಇನ್ನೂ ಇಳಿಯುವ ಹಾದಿಯಲ್ಲಿರುತ್ತಿತ್ತು. ಮಳೆ ಹಿಡಿದ ಮೇಲೆ ಅಜ್ಜಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಮುರುಗಲು ಸಿಪ್ಪೆಯ ಪಕ್ಕ ಇಟ್ಟಳು. ನಮ್ಮಲ್ಲಿ ಕೆಡಬಾರದ್ದನ್ನೆಲ್ಲ ಇಡುವುದು ಅಲ್ಲಿಯೇ. ವಿಲೋ ಮರಕ್ಕೆ ಆ ಬಿಸಿ ಆಗಿಬರುವುದಿಲ್ಲ. ದೀಪಾವಳಿಯ ಹೊತ್ತಿಗೆ ಬುಡದಲ್ಲಿ ಬೆರಳುದ್ದದ ಸೀಳು.

ಹೀಗೆ ನನಗೆ ಕೊರಗು ಬಂತು. ಅದು ಹೇಳಿದ್ದೇನು? ಬ್ಯಾಟು ಕೆಟ್ಟದ್ದೆಂದು ಹೇಳಲಿಲ್ಲ, ಬ್ಯಾಟು ಚೆನ್ನಾಗಿಯೇ ಇತ್ತು. ನಾನು ಅಯೋಗ್ಯ ಎಂದೂ ಹೇಳಲಿಲ್ಲ. ಪಕ್ಕದ ಕೇರಿಯವನ ಅಗ್ಗದ ಬ್ಯಾಟು ಹಿಡಿದರೆ ಗದ್ದೆಯ ಅಂಚು ದಾಟಿಸುತ್ತಿದ್ದೆ. ನನ್ನ ಮಣಿಕಟ್ಟಿಗೂ ಆ ಮರದ ತುಂಡಿಗೂ ನಡುವೆ ಇದ್ದ ಅಂತರವನ್ನು ಅದು ತೋರಿಸಿತು. ಆ ಅಂತರ ಅಂಗಡಿಯಾತನಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿಯೂ ಇದ್ದ. ಕೇಳಿದರೂ ನನಗೆ ತಿಳಿಯಲಿಲ್ಲ. ಬೇರೆಯವರ ಬಾಯಿಂದ ಬಂದಾಗ ಅದು ಬರಿಯ ಸಲಹೆ. ತೋಳು ನೋಯುವಾಗಲೇ ಅದು ತಿಳಿವಳಿಕೆಯಾದದ್ದು. ಸ್ಪಿನೋಜಾನಿಗೆ ನನ್ನ ಮೊದಲ ಉತ್ತರ ಇದು. ‘ಎರಡು ಸಲ ಸೋತವನು’ ಎನ್ನುವಾಗ ಅವನು ಎರಡನೆಯ ಸೋಲಿನ ಗಳಿಕೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮೊದಲನೆಯದನ್ನು ಕೆಟ್ಟ ಆಸೆ ಎಂದು ಕರೆಯುವುದೂ ನನಗೆ ಒಪ್ಪಿಗೆಯಿಲ್ಲ. ತೆಂಡೂಲ್ಕರ್ ಹಾಗೆ ಹೊಡೆಯಬೇಕೆಂದು ಹುಡುಗನೊಬ್ಬ ಬಯಸಿದರೆ ಅದರಲ್ಲಿ ಕೆಡುಕೇನಿದೆ?

ಸ್ಪಿನೋಜಾ ಇಷ್ಟಕ್ಕೆ ಬಿಡುವ ಆಸಾಮಿಯಲ್ಲ. ಅವನ ಪರವಾಗಿ ನಾನೇ ವಾದ ಮಾಡಿದರೆ ಹೀಗೆ: ‘ನೀನು ಹೇಳುತ್ತಿರುವ ಅಂತರ, ತೂಕ, ಮಣಿಕಟ್ಟು, ಇವೆಲ್ಲ ಕಾರಣಗಳ ಅರಿವು. ಅರಿವು ಬಂದರೆ ನನಗೆ ಸಂತೋಷವೇ. ಆದರೆ ಅದನ್ನು ಪಡೆಯಲು ದುಃಖಪಡುವ ಅಗತ್ಯವಿರಲಿಲ್ಲ. ಅರಿವಿನ ಪಕ್ಕ ದುಃಖವೂ ಕೂತಿತ್ತು ಎಂದ ಮಾತ್ರಕ್ಕೆ ಅರಿವನ್ನು ದುಃಖ ಕೊಟ್ಟಿತು ಎನ್ನಬೇಡ.’ ಇಲ್ಲಿ ನನಗೆ ಕಾಲಿಡಲು ಜಾಗ ಕಡಿಮೆ. ನಿಜ ಹೇಳಬೇಕೆಂದರೆ ಆ ಕೊರಗು ನನ್ನನ್ನು ಗದ್ದೆಯಿಂದ ದೂರವೂ ಇಟ್ಟಿತು. ಮರುವರ್ಷ ಬೇಸಿಗೆಯಲ್ಲಿ ‘ಎಂತ ಮಾರಾಯ, ತೆಂಡೂಲ್ಕರ್ ಬ್ಯಾಟ್ ಎಲ್ಲಿ?’ ಎಂದು ಕೇಳುತ್ತಾರೆಂದು ಹೆದರಿ, ಆಟದ ಹೊತ್ತಿಗೆ ಸಮುದ್ರದ ಕಡೆ ನಡೆದುಬಿಡುತ್ತಿದ್ದೆ. ದುಃಖ ಮನುಷ್ಯನ ಶಕ್ತಿಯನ್ನು ಕುಗ್ಗಿಸುತ್ತದೆ ಎಂದು ಸ್ಪಿನೋಜಾ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇಷ್ಟು ನೆಲ ಅವನಿಗೆ ಬಿಟ್ಟುಕೊಡುತ್ತೇನೆ.

ಬಿಟ್ಟುಕೊಟ್ಟ ಮೇಲೂ ಏನೋ ಉಳಿಯುತ್ತದೆ. ಇಡಗುಂಜಿಯ ಗಣಪತಿಗೆ ಹರಕೆ ಹೊರುವವರು ಮೊದಲು ಬೇಡಿಕೊಳ್ಳುತ್ತಾರೆ, ಕೆಲಸವಾದ ಮೇಲೆ ತೀರಿಸುತ್ತಾರೆ. ಕೈಗೆ ಮೀರಿದ ಬ್ಯಾಟು ಕೊಂಡವನದು ಇದರ ತಿರುವುಮುರುವು: ಕಾಣಿಕೆ ಮೊದಲೇ ಸಲ್ಲಿಸಿ, ಆಗಬೇಕಾದ್ದನ್ನು ತಾನೇ ಮಾಡಿ ತೋರಿಸುವ ಬಾಕಿಯನ್ನು ತಲೆಯ ಮೇಲೆ ಹೊತ್ತವನು. ತೂಕದ ಲೆಕ್ಕ, ಮರದ ಗುಣ ಎಲ್ಲ ಅರಿತರೂ ಆ ಬಾಕಿ ವಜಾ ಆಗುವುದಿಲ್ಲ. ‘ಕೊಳ್ಳದೆ ನಿನಗೆ ಗತಿಯಿರಲಿಲ್ಲ, ಶಾರ್ಜಾ, ಪೇಪರು, ಗೆಳೆಯರು, ಹದಿನೇಳರ ವಯಸ್ಸು, ಎಲ್ಲ ಸೇರಿ ಕೊಳ್ಳಿಸಿದವು’ ಎಂದು ಸ್ಪಿನೋಜಾ ಸಮಾಧಾನ ಹೇಳಬಹುದು. ಒಪ್ಪಿದೆ. ಆದರೂ ಮಾತು ಕೊಟ್ಟವನು ನಾನೇ ತಾನೇ? ಸಾಲ ಮಾಡಲು ಕಾರಣಗಳಿದ್ದವು ಎಂದು ಸಾಲ ತೀರುವುದಿಲ್ಲ.

ತಮಾಷೆಯೆಂದರೆ, ಅದೇ ಪ್ರಮೇಯದ ಟಿಪ್ಪಣಿಯಲ್ಲಿ ಸ್ಪಿನೋಜಾ ತಾನೇ ಪಟ್ಟು ಸಡಿಲಿಸುತ್ತಾನೆ. ಜನ ವಿವೇಕದ ಪ್ರಕಾರ ಬದುಕುವುದು ಅಪರೂಪವಾದ್ದರಿಂದ, ವಿನಯ, ಪಶ್ಚಾತ್ತಾಪದಂಥವು ಕೆಡುಕಿಗಿಂತ ಹೆಚ್ಚು ಒಳಿತನ್ನೇ ಮಾಡುತ್ತವೆ ಎಂಬ ಅರ್ಥದ ಮಾತು ಅಲ್ಲಿದೆ. ಮೊದಲು ಓದಿದಾಗ ಗೆದ್ದೆ ಎಂದುಕೊಂಡೆ. ಈಗ ಓದಿದರೆ ಸ್ವಲ್ಪ ಸಿಟ್ಟೇ ಬರುತ್ತದೆ. ನನ್ನ ಕೊರಗನ್ನು ಅವನು ಒಪ್ಪಿದ್ದು ಅದರಲ್ಲಿ ಸತ್ಯವಿದೆಯೆಂದಲ್ಲ, ನನ್ನಂಥವರನ್ನು ಸಾಲಿನಲ್ಲಿ ನಿಲ್ಲಿಸಲು ಅದು ಉಪಯೋಗಕ್ಕೆ ಬರುತ್ತದೆಂದು.

ಇಷ್ಟಾಗಿಯೂ ನನ್ನ ವಾದದ ಬುಡದಲ್ಲಿ ಇನ್ನೊಂದು ತೂತಿದೆ. ಅದನ್ನು ತೋರಿಸಿದ್ದು ಸ್ಪಿನೋಜಾ ಅಲ್ಲ. ಕೊರಗು ತಿಳಿವಳಿಕೆ ಎನ್ನುವಾಗ, ಸಾಮಾನು ಕೈಗೆ ತಕ್ಕಂತಿರಬೇಕಿತ್ತು ಎಂದು ನಾನು ಸದ್ದಿಲ್ಲದೆ ಒಪ್ಪಿಕೊಂಡೆನಲ್ಲ? ಗಾಲ್ಫಿನ ಲೋಕ ಈ ತಕ್ಕಂತನವನ್ನೇ ವ್ಯಾಪಾರ ಮಾಡಿಕೊಂಡಿದೆ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೊಲ್‌ಹೈಮ್ 1959ರಲ್ಲಿ ತನ್ನ ಗ್ಯಾರೇಜಿನಲ್ಲಿ ಪಟರ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್ಬು, ಮಾಡಿ ಶುರುಮಾಡಿದ ಪಿಂಗ್ ಕಂಪನಿ, ಕ್ಲಬ್ಬಿನ ತಲೆಯ ತೂಕವನ್ನು ನಡುವಿನಿಂದ ಅಂಚಿಗೆ ಸರಿಸಿತು. ಚೆಂಡು ನಡುವಿಗೆ ತಾಗದಿದ್ದರೂ ತಲೆ ತಿರುಚಿಕೊಳ್ಳುವುದು ಕಡಿಮೆ, ಹೊಡೆತ ಪೂರ್ತಿ ಹಾಳಾಗುವುದಿಲ್ಲ. ಬ್ಲೇಡಿನಲ್ಲಿ ಹಾಗೆ ತಪ್ಪಿದರೆ ಅಂಗೈ ಜುಮ್ಮೆನ್ನುತ್ತದೆ. ನನ್ನ ಸಹೋದ್ಯೋಗಿ ಈಗ ಹಿಡಿದಿರುವುದು ಅಂಚಿನಲ್ಲಿ ತೂಕವಿರುವಂಥದ್ದು. ಅದು ಅವರಿಗೆ ತಕ್ಕದ್ದೇ, ಸಂಶಯವಿಲ್ಲ. ತಕ್ಕದ್ದಾದ ಕಾರಣಕ್ಕೇ ಅವರ ತಪ್ಪನ್ನು ಅವರಿಗೆ ಹೇಳುವುದೂ ಇಲ್ಲ.

ಇದು ಎಲ್ಲಿಗೆ ಮುಟ್ಟಬಹುದು ಎನ್ನುವುದನ್ನು ನನ್ನ ದೊಡ್ಡಪ್ಪನ ಮಗನಲ್ಲಿ ಕಂಡಿದ್ದೇನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಚಂಡೆಮದ್ದಲೆ ಕೇಳುತ್ತ ಬೆಳೆದ ಸೀಮೆ ನಮ್ಮದು. ಅವನಿಗೆ ಮದ್ದಲೆ ಕಲಿಯುವ ಆಸೆ. ‘ಕಲಿಯುವವನಿಗೆ ಇಷ್ಟು ಸಾಕು’ ಎಂದು ಮನೆಯವರು ಅಗ್ಗದ್ದೊಂದು ಕೊಡಿಸಿದರು. ಮಳೆಗಾಲದ ತಂಪಿಗೆ ಅದರ ಚರ್ಮ ಜೋತುಬೀಳುತ್ತಿತ್ತು. ಎಷ್ಟು ಬಿಗಿದರೂ ಬಲಬದಿ ಶ್ರುತಿಗೆ ನಿಲ್ಲುತ್ತಿರಲಿಲ್ಲ. ಕೈಗೆ ಪೆಟ್ಟು ಕೂತಿತು, ಕಿವಿಗೆ ಅಪಶ್ರುತಿಯ ಅಭ್ಯಾಸವೂ ಕೂತಿತು. ಮುಂದೆ ಒಳ್ಳೆಯ ಮದ್ದಲೆ ಸಿಕ್ಕಿದಾಗ ಅದರ ಶ್ರುತಿ ಇಳಿದದ್ದು ಅವನಿಗೆ ತಿಳಿಯದು. ಭಾಗವತರು ತಿರುಗಿ ನೋಡಿದಾಗ ಮಾತ್ರ ಗಾಬರಿಯಾಗುವನು. ಅವನಿಗೆ ಯಾವ ಕೊರಗೂ ಇಲ್ಲ. ತಕ್ಕದ್ದನ್ನೇ ಕೊಂಡವನು, ಏಕೆ ಕೊರಗಬೇಕು? ಅವನ ಪರವಾಗಿ ನಾನು ಕೊರಗುತ್ತೇನೆ, ಇದು ಯಾವ ಬಗೆಯ ಪಶ್ಚಾತ್ತಾಪವೋ.

ಇನ್ನು ತೆಂಡೂಲ್ಕರ್ ವಿಷಯ. ಅವರು ಹಿಡಿಯನ್ನು ಅಷ್ಟು ಕೆಳಗೆ ಹಿಡಿಯುತ್ತಿದ್ದುದು, ಚಿಕ್ಕಂದಿನಲ್ಲಿ ಅಣ್ಣನ ದೊಡ್ಡ ಬ್ಯಾಟಿನಲ್ಲಿ ಆಡಿ ಬಂದ ಅಭ್ಯಾಸ ಎನ್ನುತ್ತಾರೆ. ಬ್ರಾಡ್ಮನ್ ಹುಡುಗನಾಗಿದ್ದಾಗ ಬೌರಲ್ ಊರಿನ ಮನೆಯಲ್ಲಿ ನೀರಿನ ತೊಟ್ಟಿಯ ಇಟ್ಟಿಗೆಯ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಮರಳಿ ಬಂದದ್ದನ್ನು ಒಂದು ಸ್ಟಂಪಿನಲ್ಲಿ ಹೊಡೆಯುತ್ತಿದ್ದರು. ಇಬ್ಬರಿಗೂ ಸಾಮಾನು ಕೈಗೆ ತಕ್ಕದ್ದಾಗಿರಲಿಲ್ಲ. ಈ ಉದಾಹರಣೆಗಳು ನನಗೆ ಅನುಕೂಲ ಎಂದು ಬರೆದುಕೊಂಡಿದ್ದೆ. ಬರೆದ ಮೇಲೆ ಹೊಳೆಯಿತು: ಇಬ್ಬರೂ ಅದನ್ನು ಆರಿಸಿ ಕೊಂಡವರಲ್ಲ, ಮನೆಯಲ್ಲಿ ಇದ್ದದ್ದನ್ನು ಎತ್ತಿಕೊಂಡವರು. ಅವರಿಗೆ ಬಾಕಿ ಇರಲಿಲ್ಲ. ಇನ್ನೊಂದು ಕಡೆ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ, ದೂರ ಹೊಡೆಯುವುದರಲ್ಲಿ ಬಹಳ ಮಂದಿಗಿಂತ ಹಿಂದಿದ್ದ ಆಕೆ ಪಟರಿನ ಬಲದಿಂದ ನಾಲ್ಕನೆಯವರಾದರು, ಪದಕ ಒಂದೇ ಹೊಡೆತದಿಂದ ತಪ್ಪಿತು. ತನ್ನ ಅಳತೆಯನ್ನು ಅಷ್ಟು ತಣ್ಣಗೆ ಅರಿತು ಆಡುವವರಿಗೆ ಆ ಅರಿವು ಕೊರಗಿನಿಂದಲೇ ಬರಬೇಕೆಂದು ವಾದಿಸಿದರೆ ನನಗೇ ನಗು ಬರುತ್ತದೆ. ಬೇರೆ ಯಾವ ದಾರಿಯೂ ಇಲ್ಲ ಎಂದು ಆರಂಭದಲ್ಲಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ದಾರಿಗಳಿವೆ. ನನಗೆ ಬಂದದ್ದು ಈ ದಾರಿಯಲ್ಲಿ, ಅಷ್ಟೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಗನ ಜೊತೆ ಅಂಗಳದಲ್ಲಿ ಆ ಬ್ಯಾಟು ಎತ್ತಿ ನೋಡಿದೆ. ಹಿಡಿಯ ರಬ್ಬರು ಪುಡಿಯಾಗಿ ಅಂಗೈಗೆ ಅಂಟಿತು. ತೂಕ ಮಾತ್ರ ಸಲೀಸು. ಈಗಿನ ತೋಳಿಗೆ ಅದು ಭಾರವೇ ಅಲ್ಲ. ಆದರೆ ಹುಡುಗ ಎಸೆದ ಚೆಂಡು ಕಾಣಿಸುವುದೇ ತಡವಾಯಿತು, ಕಾಲು ಅಲುಗಲಿಲ್ಲ. ಹಾಗಾದರೆ ಬ್ಯಾಟು ನನಗೆ ತಕ್ಕದ್ದಾಗಿತ್ತೇ, ಇಲ್ಲವೇ ಎನ್ನುವುದನ್ನು ಯಾವ ವಯಸ್ಸಿನ ನನ್ನನ್ನು ನಿಲ್ಲಿಸಿ ಅಳೆಯಬೇಕು? ಹದಿನೇಳರವನಿಗೆ ತೋಳಿರಲಿಲ್ಲ, ಈಗಿನವನಿಗೆ ಕಣ್ಣಿಲ್ಲ. ನಡುವೆ ಯಾವುದೋ ಒಂದೆರಡು ವರ್ಷ ಎರಡೂ ಇದ್ದಿರಬೇಕು. ಆಗ ನಾನು ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದೆ, ಬ್ಯಾಟು ಮಂಕಿಯಲ್ಲಿತ್ತು. ಕೊರಗಿಗೆ ಕಾರಣವಾಗಿದ್ದ ಅಂತರ ಈಗ ಇಲ್ಲ, ಕೊರಗು ಮಾತ್ರ ಇದೆ. ಕಾರಣ ಹೋದ ಮೇಲೂ ನಿಂತಿರುವ ದುಃಖವನ್ನು ಸ್ಪಿನೋಜಾ ಗೊಂದಲದ ಯೋಚನೆ ಎಂದು ಬದಿಗಿಡುತ್ತಾನೆ, ನನ್ನ ಸಹೋದ್ಯೋಗಿ ವೀಕ್‌ನೆಸ್ಸು ಎನ್ನುತ್ತಾರೆ. ಇಬ್ಬರಿಗೂ ಉತ್ತರ ಹೇಳಲು ಹೊರಟವನು ಅರ್ಧದಲ್ಲಿ ನಿಂತಿದ್ದೇನೆ. ಆ ಬಾಕಿ ನನ್ನದೇ ಎಂದು ಇನ್ನೂ ಅನ್ನಿಸುತ್ತಿದೆ. ಯಾರಿಗೆ ಸಲ್ಲಿಸಬೇಕಾದದ್ದು ಎಂದು ಕೇಳಿದರೆ ಹೆಸರು ಹೊಳೆಯುವುದಿಲ್ಲ.